ಕೆರೆಯಲ್ಲಿ ಸೂರ್ಯನ ಪಾಲೆಷ್ಟು

ನನ್ನ ಹುಟ್ಟೂರು ಭಾಗಮಂಡಲದ ಕಡೆ. ಮೇಲಿನಿಂದ ಕೆಳಕ್ಕೆ ಬೀಳುವ ನೀರನ್ನು ಸಹಿಸುವುದರಲ್ಲೇ ಅಲ್ಲಿಯವರ ಆಯುಷ್ಯ ಕಳೆಯುತ್ತದೆ. ಕೆಳಗಿನಿಂದ ಮೇಲಕ್ಕೆ ಹೋಗುವ ನೀರನ್ನೂ ಒಬ್ಬರು ಅಳೆಯಬೇಕಾದೀತು ಎಂಬ ಯೋಚನೆ ನಮ್ಮ ಕಡೆ ಯಾರ ತಲೆಗೂ ಬಂದಿರಲಿಲ್ಲ. ಒಗೆದು ಹಾಕಿದ ಪಂಚೆ ವಾರವಾದರೂ ಒಣಗದ ಊರಿನವನನ್ನು ಹುಡುಕಿ, ನೀರು ಎಷ್ಟು ಬೇಗ ಒಣಗುತ್ತದೆಂದು ಲೆಕ್ಕ ಹಾಕಲು ಕಳಿಸಿದ ಕೀರ್ತಿ ನಮ್ಮ ಎಂಜಿನಿಯರ್ ಸಾಹೇಬರಿಗೆ ಸಲ್ಲಬೇಕು. ಕೊಡಗು ಆಗ ಇನ್ನೂ ಸ್ವಂತ ರಾಜ್ಯ. ರಾಜ್ಯ ಚಿಕ್ಕದು, ಆದರೆ ಕಡತಗಳ ದಪ್ಪದಲ್ಲಿ ನಾವು ಯಾವ ದೊಡ್ಡ ರಾಜ್ಯಕ್ಕೂ ತಲೆಬಾಗುತ್ತಿರಲಿಲ್ಲ. ಮಡಿಕೇರಿಯ ಕಚೇರಿಯಲ್ಲಿ ನಾನು ಓವರ್‌ಸಿಯರ್ ಆಗಿದ್ದೆ.

ಕೆರೆ ಇದ್ದದ್ದು ಕೊಡ್ಲಿಪೇಟೆಯ ಆಚೆ. ಅದಕ್ಕೆ ಎರಡು ತೂಬು, ಎರಡು ತೂಬಿಗೆ ಎರಡು ಊರು. ಏರಿಯ ಎತ್ತರದಲ್ಲಿದ್ದ ತೂಬಿನ ನೀರು ಮೇಲಿನೂರಿನ ಗದ್ದೆಗಳಿಗೆ, ತಗ್ಗಿನಲ್ಲಿದ್ದದ್ದು ಕೆಳಗಿನೂರಿಗೆ. ಭತ್ತ ಕೊಯ್ದ ಗದ್ದೆಗಳಲ್ಲಿ ಎರಡೂ ಊರಿನವರು ಬೇಸಿಗೆಗೆ ಹಸಿಮೆಣಸು ಹಾಕುತ್ತಿದ್ದರು. ನೀರು ಬಿಡುವುದು ಸರದಿಯ ಪ್ರಕಾರ. ಎರಡು ಸರದಿಗಳ ನಡುವೆ ತೂಬುಗಳು ಮುಚ್ಚಿರಬೇಕು. ಆ ವರ್ಷ ಮುಚ್ಚಿದ ತೂಬಿನ ಕೆರೆಯಲ್ಲೂ ನೀರು ಇಳಿಯುತ್ತಿತ್ತು. ನೀರು ಇಳಿದರೆ ಮೊದಲು ಬಾಯಿ ಒಣಗುವುದು ಎತ್ತರದ ತೂಬಿನದು. ಆದ್ದರಿಂದ ಮೊದಲು ಬಾಯಿ ಮಾಡಿದವರೂ ಮೇಲಿನೂರಿನವರೇ.

ತೂಬು ಎತ್ತುವ, ಇಳಿಸುವ ಅಧಿಕಾರ ಇಡೀ ಕೆರೆಗೆ ಒಬ್ಬನದು: ನೀರುಗಂಟಿ. ಆತನ ಅಪ್ಪ, ಅಜ್ಜ ಎಲ್ಲ ಅದೇ ಕೆಲಸ ಮಾಡಿದವರು. ಕಬ್ಬಿಣದ ಕೊಕ್ಕೆ ಕೂರಿಸಿದ ಒಂದು ಉದ್ದನೆಯ ಕೋಲು ಆತನ ಬಳಿ ಇರುತ್ತಿತ್ತು. ತೂಬಿನ ಬಾಯಿಗೆ ಜಡಿದ ಮರದ ಬಿರಡೆಯನ್ನು ಎಬ್ಬಿಸಲು ಆ ಕೋಲೇ ಬೇಕು, ಅದನ್ನು ಆತನಲ್ಲದೆ ಬೇರೆಯವರು ಮುಟ್ಟಬಾರದು. ನೀರುಗಂಟಿಯ ಮನೆ ಕೆಳಗಿನೂರಿನಲ್ಲಿತ್ತು. ಮೇಲಿನೂರಿನ ದೂರಿಗೆ ಅಷ್ಟೇ ಸಾಕಾಯಿತು: ಯಾರೂ ಇಲ್ಲದ ಹೊತ್ತು ನೋಡಿ ತನ್ನ ಊರಿಗೆ ನೀರು ಬಿಟ್ಟುಕೊಳ್ಳುತ್ತಿದ್ದಾನೆ, ಅವನನ್ನು ತೆಗೆದು ಬೇರೆಯವರನ್ನು ನೇಮಿಸಬೇಕು.

ನಾನು ಹೋದ ದಿನ ಎರಡೂ ಕಡೆಯವರು ಏರಿಯ ಮೇಲೆ ಸೇರಿದ್ದರು.

"ಬಿಸಿಲು ಕುಡೀತದೆ ಅಂತಾನೆ ಸ್ವಾಮಿ," ಎಂದರು ಮೇಲಿನೂರಿನ ಪಟೇಲರು. ಬಿಳಿ ಮೀಸೆಯ, ಮಾತಿಗಿಂತ ಮೊದಲು ಕೆಮ್ಮುವ ಮನುಷ್ಯ. "ಬಿಸಿಲಿಗೇನು ಕೆಳಗಿನೂರಲ್ಲಿ ಮೆಣಸಿನ ಗದ್ದೆ ಐತಾ?"

ನೀರುಗಂಟಿ ನನ್ನ ಕಡೆಗೂ ನೋಡಲಿಲ್ಲ, ಪಟೇಲರ ಕಡೆಗೂ ನೋಡಲಿಲ್ಲ, ಕೆರೆಗೇ ಹೇಳುವವನಂತೆ ಹೇಳಿದ: "ನಮ್ಮಪ್ಪನ ಕಾಲದಾಗೂ ಬಿಸಿಲು ಕುಡೀತಿತ್ತು. ಆವಾಗ ಯಾರೂ ಅದ್ಕೆ ಓವರ್‌ಸಿಯರ್‌ನ ಕರೆಸಿರ್ಲಿಲ್ಲ."

ನನ್ನ ಕೆಲಸ ಕಾಗದದಲ್ಲಿ ಬಹಳ ಸರಳ. ಮುಚ್ಚಿದ ಕೆರೆಯಲ್ಲಿ ದಿನಕ್ಕೆ ಎಷ್ಟು ನೀರು ಇಳಿಯುತ್ತದೆ? ಅದರಲ್ಲಿ ಸೂರ್ಯನ ಪಾಲೆಷ್ಟು? ಸೂರ್ಯನ ಪಾಲನ್ನು ಕಳೆದ ಮೇಲೆ ಉಳಿದದ್ದು ಒಂದೋ ಸೋರಿಕೆ, ಇಲ್ಲವೇ ಕಳವು. ಹೀಗೆ ಒಂದು ಕಳೆಯುವ ಲೆಕ್ಕದ ತುದಿಯಲ್ಲಿ ಒಬ್ಬ ಮನುಷ್ಯನ ಮಾನವನ್ನು ತೂಗುಹಾಕಿ, ಎಂಜಿನಿಯರ್ ಸಾಹೇಬರು ನನ್ನನ್ನು ಅಲ್ಲೇ ಬಿಟ್ಟು ಜೀಪು ಹತ್ತಿ ಹೋದರು.

ಸೂರ್ಯನ ಪಾಲನ್ನು ಅಳೆಯಲು ಒಂದು ಪಾತ್ರೆ ಬೇಕು. ಕಲಾಯಿ ತಗಡಿನಲ್ಲಿ, ನಾಲ್ಕಡಿ ಅಗಲ, ಒಂದಡಿಗಿಂತ ಕೊಂಚ ಕಡಿಮೆ ಆಳದ ದುಂಡು ಪಾತ್ರೆಯನ್ನು ಮಡಿಕೇರಿಯಲ್ಲಿ ಮಾಡಿಸಿ ತಂದಿದ್ದೆ. ಅದರಲ್ಲಿ ನೀರನ್ನು ಗುರುತಿನ ಮಟ್ಟಕ್ಕೆ ತುಂಬಬೇಕು. ಆ ಗುರುತು ಅಂಚಿಗಿಂತ ಎರಡಿಂಚು ಕೆಳಗಿರುತ್ತದೆ; ಅಂಚಿನವರೆಗೆ ತುಂಬಿದರೆ ಗಾಳಿಗೆ ನೀರು ತುಳುಕಿ ಲೆಕ್ಕ ಕೆಡುತ್ತದೆ. ಮರುದಿನ ಬೆಳಿಗ್ಗೆ ಎಷ್ಟು ಇಳಿದಿದೆ ಎಂದು ನೋಡಿ, ಮತ್ತೆ ಗುರುತಿಗೆ ತುಂಬಬೇಕು. ನೋಡುವುದೆಂದರೆ ಕಣ್ಣಂದಾಜಿನಲ್ಲಲ್ಲ. ಮೀನಿನ ಗಾಳದಂತೆ ಮೊನೆ ಮೇಲಾಗಿ ಬಾಗಿದ ಒಂದು ಸೂಜಿ, ಅದಕ್ಕೊಂದು ತಿರುಪು, ಪಕ್ಕದಲ್ಲಿ ಅಳತೆಪಟ್ಟಿ. ಸೂಜಿಯನ್ನು ನೀರಿನೊಳಗೆ ಮುಳುಗಿಸಿ, ತಿರುಪು ತಿರುಗಿಸುತ್ತ ಮೆಲ್ಲಗೆ ಮೇಲೆ ತರಬೇಕು. ಮೊನೆ ಇನ್ನೇನು ನೀರನ್ನು ಸೀಳಬೇಕು ಎನ್ನುವಾಗ ಮೇಲ್ಮೈಯಲ್ಲಿ ಹುಡುಗರ ಮೊಡವೆಯಂಥ ಒಂದು ಉಬ್ಬು ಏಳುತ್ತದೆ. ಅಲ್ಲಿ ನಿಲ್ಲಿಸಿ ಪಟ್ಟಿ ಓದಬೇಕು. ಉಸಿರು ಬಿಟ್ಟರೆ ಮೊಡವೆ ಒಡೆಯುತ್ತದೆ, ಕೆಮ್ಮಿದರೆ ಮೊದಲಿನಿಂದ ಶುರು. ಹೀಗಾಗಿ ಪಟೇಲರನ್ನು ನಾನು ಅಳತೆಯ ಹೊತ್ತಿಗೆ ದೂರ ಕೂರಿಸುತ್ತಿದ್ದೆ. ಕೆರೆಯ ಮಟ್ಟಕ್ಕೂ ಇಂಥದೇ ಒಂದು ಸೂಜಿ; ಅಲೆ ಬಡಿಯದಿರಲೆಂದು ತಳದಲ್ಲಿ ತೂತು ಕೊರೆದ ಡಬ್ಬವೊಂದನ್ನು ತೂಬಿನ ಕಲ್ಲಿಗೆ ಕಟ್ಟಿ, ಅದರೊಳಗೆ ಇಳಿಬಿಟ್ಟಿದ್ದೆ.

ಪಾತ್ರೆಯನ್ನು ಎಲ್ಲಿಡುವುದು ಎಂಬ ಪ್ರಶ್ನೆ ಬಂದಾಗ ಎರಡು ಊರಿನ ನಡುವೆ ಯುದ್ಧ ಘೋಷಣೆಯೊಂದೇ ಬಾಕಿ ಉಳಿಯಿತು. ಮೇಲಿನೂರಿನಲ್ಲಿಟ್ಟರೆ ಕೆಳಗಿನವರು ಒಪ್ಪರು, ಕೆಳಗಿನೂರಿನಲ್ಲಿಟ್ಟರೆ ಮೇಲಿನವರು. ಕೊನೆಗೆ ಏರಿಯ ತುದಿಯಲ್ಲಿದ್ದ ಬಸವಣ್ಣನ ಗುಡಿಯ ಮುಂದಿನ ಬಯಲನ್ನು ನಾನು ಆರಿಸಿದೆ. ಬಿಸಿಲು ಚೆನ್ನಾಗಿ ಬೀಳುತ್ತದೆ, ಕೆರೆಯ ಗಾಳಿ ಬೀಸುತ್ತದೆ, ದೇವರು ಎರಡೂ ಊರಿಗೆ ಸೇರಿದವನು. ಕಾವಲಿಗೆ ಊರಿಗೊಬ್ಬ. ಮೇಲಿನೂರಿನವನು ದಪ್ಪ, ಕೆಳಗಿನೂರಿನವನು ಬಿದಿರಿನ ಗಳುವಿನಂತೆ ಉದ್ದ. ಪಾತ್ರೆಯಿಂದ ಹನಿ ನೀರು ತೆಗೆಯುವುದಿಲ್ಲ, ತೆಗೆಯಲು ಬಿಡುವುದಿಲ್ಲ, ದನ ನಾಯಿ ಕಾಗೆಗಳನ್ನು ಹತ್ತಿರ ಸೇರಿಸುವುದಿಲ್ಲ ಎಂದು ಇಬ್ಬರಿಂದಲೂ ಬಸವಣ್ಣನ ಮುಂದೆ ಆಣೆ ಮಾಡಿಸಿದೆ.

ನೀರುಗಂಟಿ ಆ ಪಾತ್ರೆಯ ಹತ್ತಿರ ಸುಳಿಯಲಿಲ್ಲ. "ನನ್ ಮಾನಾನ ತಗಡಿನ ಬೋಗುಣೀಲಿ ಅಳೀತಾರಂತೆ. ಅಳ್ಕೊಳ್ಳಲಿ," ಎಂದನಂತೆ. ಈ ಮಾತನ್ನು ಎಲ್ಲರೂ ಎಲ್ಲರಿಗೂ ಹೇಳಿ, ಕೊನೆಗೆ ಕೆರೆಗೆ ನೀರಿಗೆ ಬರುವ ಹೆಂಗಸರ ಬಾಯಲ್ಲೂ ಅದೇ ಆಯಿತು: ನೀರುಗಂಟಿಯ ಮಾನ ಬೋಗುಣಿಯಲ್ಲಿದೆ.

ಮೊದಲ ದಿನಗಳಿಂದಲೇ ನನಗೊಂದು ಕಿರಿಕಿರಿ ಅಂಟಿಕೊಂಡಿತು. ಪಾತ್ರೆಯಲ್ಲದೆ ಲೆಕ್ಕಕ್ಕೆ ಇನ್ನೊಂದು ದಾರಿಯೂ ಉಂಟು. ಒಂದು ಬರಿಯ ಉಷ್ಣಮಾಪಕ, ಇನ್ನೊಂದು ಒದ್ದೆ ಬಟ್ಟೆ ಸುತ್ತಿದ್ದು. ಎರಡರ ಅಂತರ ನೋಡಿದರೆ ಗಾಳಿಗೆ ಎಷ್ಟು ಬಾಯಾರಿಕೆಯಾಗಿದೆ ಎಂದು ತಿಳಿಯುತ್ತದೆ. ಅದಕ್ಕೆ ಗಾಳಿಯ ವೇಗ ಸೇರಿಸಬೇಕು. ವೇಗ ಅಳೆಯುವ ಯಂತ್ರ ನಮ್ಮ ರಾಜ್ಯಕ್ಕೆ ಇನ್ನೂ ದಯಮಾಡಿಸಿರಲಿಲ್ಲ. ಏರಿಯ ಮೇಲೆ ಎರಡು ಗೂಟ ನೆಟ್ಟು, ಬೂರುಗದ ಹತ್ತಿಯ ಎಳೆ ಹಾರಿಬಿಟ್ಟು, ಒಂದು ಗೂಟದಿಂದ ಇನ್ನೊಂದಕ್ಕೆ ಹೋಗುವ ಹೊತ್ತನ್ನು ಗಡಿಯಾರ ಹಿಡಿದು ನೋಡುತ್ತ ಅದರ ಹಿಂದೆ ಓಡುತ್ತಿದ್ದೆ. ಸರ್ಕಾರಿ ನೌಕರನೊಬ್ಬ ಹತ್ತಿಯ ಹಿಂದೆ ಓಡುವುದನ್ನು ನೋಡಲು ಮೊದಲ ದಿನ ಜನ ಕೂಡಿದ್ದರು. ಇವನ್ನೆಲ್ಲ ಪುಸ್ತಕದ ಸೂತ್ರಕ್ಕೆ ಹಾಕಿ ಗುಣಿಸಿದರೆ ಬಂದ ಉತ್ತರ ದಿನಕ್ಕೆ ಸುಮಾರು ಕಾಲಿಂಚು. ಪಾತ್ರೆ ಹೇಳುತ್ತಿದ್ದದ್ದು ಅದರ ಅರ್ಧದಷ್ಟೂ ಅಲ್ಲ.

ಇದು ತಲೆಕೆಳಗಾದ ಸಂಗತಿ. ತಗಡಿನ ಸಣ್ಣ ಪಾತ್ರೆ ಬೇಗ ಕಾಯುತ್ತದೆ, ಕೆರೆಗಿಂತ ಹೆಚ್ಚು ನೀರನ್ನು ಕಳೆದುಕೊಳ್ಳುತ್ತದೆ, ಆದ್ದರಿಂದ ಪಾತ್ರೆಯ ಅಂಕೆಯನ್ನು ತಗ್ಗಿಸಿ ಕೆರೆಗೆ ಅನ್ವಯಿಸಬೇಕು ಎಂದು ಪುಸ್ತಕ ಹೇಳುತ್ತದೆ. ಇಲ್ಲಿ ನೋಡಿದರೆ ಪಾತ್ರೆಯೇ ಜಿಪುಣತನ ಮಾಡುತ್ತಿತ್ತು. ತಗಡಿನ ಬೆಸುಗೆ ನೋಡಿದೆ, ಸೂಜಿ ನೋಡಿದೆ, ಗುಣಾಕಾರವನ್ನು ಹಿಂದುಮುಂದಾಗಿ ಮಾಡಿದೆ. ಕಾವಲಿನವರನ್ನು ಕೇಳಿದೆ.

"ಯಾರಾದ್ರೂ ಮುಟ್ಟಿದ್ರಾ?"

"ಯಾರೂ ಮುಟ್ಟಿಲ್ಲ ಸ್ವಾಮಿ," ಎಂದ ದಪ್ಪನವನು. ಉದ್ದನವನು ತಲೆಯಾಡಿಸಿದ. ಬೇರೆ ಯಾವ ವಿಷಯದಲ್ಲೂ ಅವರಿಬ್ಬರ ಒಮ್ಮತವನ್ನು ನಾನು ಕಂಡಿರಲಿಲ್ಲವಾದ್ದರಿಂದ ನಂಬಿದೆ.

ಈ ಗೊಂದಲದ ನಡುವೆಯೇ ಎಂಜಿನಿಯರ್ ಸಾಹೇಬರ ಜೀಪು ಬಂತು. ಅಂಕೆಗಳನ್ನು ತೋರಿಸಿ, ಇನ್ನೂ ನಿಶ್ಚಯವಿಲ್ಲ, ಸೂತ್ರಕ್ಕೂ ಪಾತ್ರೆಗೂ ತಾಳೆಯಾಗುತ್ತಿಲ್ಲ ಎಂದೆ. "ಸೂತ್ರ ಯಾವ ದೇಶದ್ದೋ ಏನೋ. ಪಾತ್ರೆ ನಿಮ್ಮ ಕಣ್ಣ ಮುಂದೆ ಇದೆಯಲ್ಲ," ಎಂದರು ಅವರು. ಆ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಹಾಗೆಂದವರು ಪಟೇಲರ ಕಡೆ ತಿರುಗಿ, ಸೂರ್ಯನ ಪಾಲು ಇಷ್ಟೇ, ಕೆರೆ ಇಳಿಯುತ್ತಿರುವುದು ಅದರ ಎರಡರಷ್ಟಕ್ಕಿಂತಲೂ ಹೆಚ್ಚು ಎಂದು ಹೇಳಿಬಿಟ್ಟರು. ಪಟೇಲರು ಕಳೆಯುವ ಲೆಕ್ಕದಲ್ಲಿ ನನಗಿಂತ ಚುರುಕು. ಕೆಮ್ಮನ್ನೂ ಮರೆತು ಎದ್ದು ನಿಂತರು.

ಅದೇ ಮಧ್ಯಾಹ್ನ ಅವರೂ ಹತ್ತಾರು ಜನರೂ ನೀರುಗಂಟಿಯ ಮನೆಯ ಮುಂದೆ ಹೋದರು. ನಾನೂ ಹಿಂದೆ ಹೋದೆ, ಏನಾದರೂ ಕೈಮೀರಿದರೆ ತಡೆಯಬಹುದೆಂದು. ಕೈಮೀರಲಿಲ್ಲ. ಆತ ಒಳಗಿನಿಂದ ಕೋಲನ್ನು ತಂದು ಬಾಗಿಲ ಹೊರಗೆ ಗೋಡೆಗೆ ಒರಗಿಸಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಬೈದಿದ್ದರೆ ಪಟೇಲರಿಗೂ ಸಮಾಧಾನವಾಗುತ್ತಿತ್ತು. ಕೋಲನ್ನು ಯಾರು ಹಿಡಿಯಬೇಕು? ಮೇಲಿನೂರಿನವರು ಹಿಡಿದರೆ ಕೆಳಗಿನವರು ಬಿಡರು. ಎಲ್ಲರೂ ನನ್ನ ಕಡೆ ನೋಡಿದರು. ಹೀಗೆ ಆ ಕೋಲು, ನಾನು ಬಿಡಾರ ಮಾಡಿದ್ದ ಊರ ಚಾವಡಿಯ ಮೂಲೆ ಸೇರಿತು. ಊಟಕ್ಕೆ ಕೂತರೆ ಅದರ ಕೊಕ್ಕೆ ನೇರ ನನ್ನ ತಟ್ಟೆಯ ಕಡೆಗೇ ನೋಡುತ್ತಿತ್ತು.

ಆಮೇಲೆ ನೀರುಗಂಟಿ ಏರಿಯ ಕಡೆ ಬರಲಿಲ್ಲ. ಜಗಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದಾನೆ ಎಂದರು. ಹೊಸೆಯುವುದು, ಬಿಚ್ಚುವುದು, ಮತ್ತೆ ಹೊಸೆಯುವುದು. ಅವನ ಸ್ವಂತ ಊರಿನವರೂ ಅತ್ತ ಹೋಗುವುದನ್ನು ಬಿಟ್ಟರು; ಹೋದರೆ ಕದ್ದ ನೀರಿನಲ್ಲಿ ತಮಗೂ ಪಾಲಿತ್ತು ಎಂದಾಗುತ್ತದಲ್ಲ.

ಕೆಲವು ದಿನಗಳಲ್ಲಿ ಶನಿವಾರಸಂತೆಯಲ್ಲಿ ಒಂದು ಮದುವೆ ಬಂತು. ಹೆಣ್ಣು ಮೇಲಿನೂರಿನದು, ಗಂಡಿನ ತಾಯಿಯ ತವರು ಕೆಳಗಿನೂರು. ಜಗಳವನ್ನು ಮನೆಯಲ್ಲಿ ಬೀಗ ಹಾಕಿಟ್ಟು ಎರಡೂ ಊರಿನ ಹೆಂಗಸರು ಗಾಡಿ ಕಟ್ಟಿಸಿಕೊಂಡು ಬೆಳಗಾಗುತ್ತಲೇ ಹೊರಟರು. ಕಾವಲಿನ ಇಬ್ಬರು ಮಾತ್ರ ಹೋಳಿಗೆಯ ನೆನಪಿನಲ್ಲಿ ನಿಟ್ಟುಸಿರು ಬಿಡುತ್ತ ಪಾತ್ರೆಯ ಎರಡು ಪಕ್ಕ ಕೂತರು. ಕೆಲಸವಿಲ್ಲದೆ ನಾನು ಅವತ್ತು ಸಂಜೆಗೂ ಒಮ್ಮೆ ಸೂಜಿ ಇಟ್ಟು ನೋಡಿದೆ. ಇಡೀ ದಿನರಾತ್ರಿಗೆ ಇಳಿಯುತ್ತಿದ್ದದ್ದಕ್ಕಿಂತ ಹೆಚ್ಚು, ಒಂದು ಹಗಲಿಗೇ ಇಳಿದಿತ್ತು. ಅದೇ ಬಿಸಿಲು, ಅದೇ ಗಾಳಿ.

"ಯಾರು ಕುಡಿದ್ರು ಇದನ್ನ?" ಎಂದು ಕಾವಲಿನವರ ಮೇಲೆ ಹರಿಹಾಯ್ದೆ.

"ಇವನೇ ಇರ್ಬೇಕು. ಮಧ್ಯಾಹ್ನದಿಂದ ಬಾಯಾರಿಕೆ ಬಾಯಾರಿಕೆ ಅಂತಿದ್ದ," ಎಂದ ಉದ್ದನವನು.

"ಬಸವಣ್ಣನಾಣೆ, ನಂಗೆ ಬಾಯಾರಿದ್ರೆ ಇಷ್ಟ್ ದೊಡ್ಡ ಕೆರೆ ಇಲ್ವೇನೋ, ಬೋಗುಣಿ ನೆಕ್ಕಕ್ಕೆ ನಾನೇನ್ ಬೆಕ್ಕಾ?" ಎಂದ ದಪ್ಪನವನು.

ಇವರು ಹೀಗೆ ಕಿತ್ತಾಡುತ್ತಿರುವಾಗ ಮದುವೆಯ ಗಾಡಿಗಳು ಬಂದವು. ಸ್ವಲ್ಪ ಹೊತ್ತಿಗೆ ಹೆಂಗಸೊಬ್ಬಳು ಮದುವೆಯ ಸೀರೆಯಲ್ಲೇ ಕೊಡ ಹಿಡಿದು ಕೆರೆಗಿಳಿದಳು. ನೀರುಗಂಟಿಯ ಹೆಂಡತಿ. ತುಂಬಿದ ಕೊಡ ಸೊಂಟಕ್ಕಿಟ್ಟು, ಚೊಂಬು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿ ಬಂದವಳು ಪಾತ್ರೆಯನ್ನು ನೋಡಿ ನಿಂತುಬಿಟ್ಟಳು.

"ಅಯ್ಯೋ ಶಿವನೇ! ಒಂದ್ ದಿನ ಬರ್ದೇ ಹೋದ್ರೆ ಇಷ್ಟು ಕೊರೆಯಾಗ್ಬಿಡೋದಾ!" ಎಂದವಳೇ, ನನ್ನ ಕಣ್ಣ ಮುಂದೆ, ಇಬ್ಬರು ಆಣೆಯಿಟ್ಟ ಕಾವಲುಗಾರರ ಕಣ್ಣ ಮುಂದೆ, ಚೊಂಬಿನ ನೀರನ್ನು ಪಾತ್ರೆಗೆ ಸುರಿದಳು.

"ಇದೇನಮ್ಮಾ ಮಾಡಿದ್ದು?"

"ಇದೇನ್ ಸ್ವಾಮಿ ಹಿಂಗ್ ಕೇಳ್ತೀರ? ತುಂಬಿದ್ ಕೊಡ ಹೊತ್ಕೊಂಡು ಕೊರೆ ಪಾತ್ರೆ, ಅಂಚಿನ್ ಮಟ್ಟ ತುಂಬ್ದೇ ಇರೋದು, ದಾಟಬಾರ್ದು. ಮನೆಗಾಗಲ್ಲ. ಎಲ್ರೂ ಒಂದೊಂದು ಬೊಗಸೆ ಹಾಕ್ತಾರೆ. ನಾವೆಷ್ಟ್ ಹಾಕಿದ್ರೂ ಬೆಳಿಗ್ಗೆ ನೋಡಿದ್ರೆ ನಿಮ್ ಪಾತ್ರೆ ಎರಡು ಬೆರಳು ಕೊರೇನೇ ಇರ್ತದೆ. ಎಂಥ ಸರ್ಕಾರಾನಪ್ಪ ನಿಮ್ದು!"

ನಾನು ಕಾವಲಿನವರ ಕಡೆ ತಿರುಗಿದೆ.

"ನೀರು ತೆಗಿಯೋರ್ನ ನೋಡ್ಕೊಳ್ಳಿ ಅಂದ್ರಿ," ಎಂದ ದಪ್ಪನವನು. "ಹಾಕೋರ್ನ ಅಂದಿದ್ರಾ?"

"ಯಾರೂ ಮುಟ್ಟಿಲ್ಲ ಅಂದ್ಯಲ್ಲಯ್ಯ!"

"ಹೆಂಗಸ್ರು ಸ್ವಾಮಿ. ದಿನಾ ಹಾಕೋದು. ಅದನ್ನೇನ್ ಹೇಳೋದು?" ಎಂದ ಉದ್ದನವನು. ಇಬ್ಬರೂ ಮತ್ತೆ ಒಮ್ಮತದಲ್ಲಿದ್ದರು. ಪುಸ್ತಕ ಬರೆದ ಪುಣ್ಯಾತ್ಮ ಗಾಳಿಗಾಗಿ ಬಿಡಿಸಿದ ಎರಡಿಂಚು ಜಾಗವನ್ನು ಎರಡು ಊರಿನ ಹೆಂಗಸರು ದಿನವೂ ಬೊಗಸೆ ಬೊಗಸೆಯಾಗಿ ತುಂಬಲು ನೋಡುತ್ತಿದ್ದರು, ನಾನು ದಿನವೂ ಬೆಳಿಗ್ಗೆ ಸೂಜಿಯ ಮೊಡವೆ ನೋಡಿ ಸೂರ್ಯ ಬಹಳ ಮಿತಾಹಾರಿ ಎಂದು ಬರೆದುಕೊಳ್ಳುತ್ತಿದ್ದೆ.

ಆಕೆಯನ್ನು ಗುಡಿಯ ಕಟ್ಟೆಯ ಹತ್ತಿರ ಕರೆದು ಕೇಳಿದೆ. "ಬೊಗಸೆ ಸರಿ. ನೀವು ಚೊಂಬಿನ ತುಂಬಾ ಹಾಕಿದ್ರಲ್ಲ?"

ಆಕೆ ಸೆರಗು ಸರಿಮಾಡಿಕೊಂಡಳು. "ನಮ್ಮೋರ ಮಾನ ಅದ್ರಲ್ಲೈತೆ ಅಂದ್ರು ಎಲ್ರೂ. ಕೊರೆಯಾಗಬಾರ್ದು ಅಂತ ನಾನ್ ಮಾತ್ರ ಚೊಂಬು. ಬೆಳಿಗ್ಗೆ ಒಂದು, ಸಂಜೆ ಒಂದು. ಬಸವಣ್ಣನಿಗೆ ಹರಕೆ ಹೇಳ್ಕೊಂಡು."

ನನಗೆ ಸುಳ್ಳು ಹೇಳಲು ಹೊತ್ತು ಸಿಗಲಿಲ್ಲ. ಪಾತ್ರೆಯಲ್ಲಿ ನೀರು ಇಳಿದಷ್ಟೂ ಸೂರ್ಯನ ಪಾಲು ಹೆಚ್ಚುತ್ತದೆ, ಸೂರ್ಯನ ಪಾಲು ಹೆಚ್ಚಿದಷ್ಟೂ ಆತ ನಿರಪರಾಧಿ, ಹಾಕಿದ ಪ್ರತಿ ಚೊಂಬೂ ಆತನ ತಲೆಯ ಮೇಲೆ ಬಿದ್ದಿದೆ ಎಂದು ಬಿಡಿಸಿ ಹೇಳಿದೆ. ಹೇಳುತ್ತ ಹೋದಂತೆ ಆಕೆಯ ಮುಖ ನೋಡಲಾಗದೆ ಕೆರೆಯ ಕಡೆ ನೋಡಿದೆ. ಆಕೆ, "ಹಂಗಾದ್ರೆ ಕೋಲು ಹೋಗಿದ್ದು ನನ್ ಕೈಯಿಂದ," ಎಂದಳು. ಪ್ರಶ್ನೆಯಲ್ಲ ಅದು. ಕೊಡವನ್ನೆತ್ತಿಕೊಂಡು ಹೊರಟಳು. ಪಾತ್ರೆಯ ಹತ್ತಿರ ಬಂದಾಗ ಒಂದು ಕ್ಷಣ ನಿಂತು, ಅದನ್ನು ದಾಟದೆ ಗುಡಿಯ ಹಿಂದಿನಿಂದ ಸುತ್ತಿ ಹೋದಳು.

ಆ ಸಂಜೆ ಏರಿಯ ಮೇಲೆ ಅತ್ತಿತ್ತ ನಡೆಯುತ್ತ ಯೋಚಿಸಿದೆ. ಇದ್ದದ್ದನ್ನು ಇದ್ದಂತೆ ಸಭೆಯಲ್ಲಿ ಹೇಳಬಹುದಿತ್ತು. ಆದರೆ ಸಭೆಗೆ ಕೇಳಿಸುವುದು ಒಂದೇ ಮಾತು: ನೀರುಗಂಟಿಯ ಹೆಂಡತಿ ಪಾತ್ರೆಗೆ ಕೈ ಹಾಕಿದ್ದಳು. ಅವಳು ಹಾಕಿದ್ದರಿಂದ ಅವಳ ಗಂಡನಿಗೇ ಕೆಡುಕಾಯಿತು ಎಂಬುದನ್ನು ವಿವರಿಸುವಷ್ಟರಲ್ಲಿ ಪಟೇಲರು ಕೆಮ್ಮಿ ಮುಗಿಸಿ ಮನೆಗೆ ಹೋಗಿರುತ್ತಾರೆ. ಮದುವೆಯ ದಿನದ ಒಂದೇ ಅಂಕೆಯನ್ನು ಹಿಡಿದು ವಾದಿಸಿದರೆ ಅದನ್ನೂ ಯಾರೂ ನಂಬರು. ಕೊನೆಗೆ ವರದಿಯ ಕರಡಿನಲ್ಲಿ ಹೀಗೆ ಬರೆದೆ: "ಪಾತ್ರೆಯನ್ನು ಇರಿಸಿದ ಸ್ಥಳ ಯೋಗ್ಯವಲ್ಲದ್ದರಿಂದ ಈವರೆಗಿನ ಎಲ್ಲ ಅಳತೆಗಳನ್ನೂ ತಿರಸ್ಕರಿಸಿದೆ. ಅಳತೆ ಹೊಸದಾಗಿ ಆರಂಭ." ಸ್ಥಳ ಆರಿಸಿದವನು ನಾನೇ ಆದ್ದರಿಂದ ಅದರಲ್ಲಿ ಸುಳ್ಳಿರಲಿಲ್ಲ. ಎಂಜಿನಿಯರ್ ಸಾಹೇಬರು ತಾವು ಸಾರಿದ್ದನ್ನು ತಾವೇ ನುಂಗಬೇಕಾಯಿತು. ಅದರ ರುಚಿ ಹೇಗಿತ್ತೆಂದು ನನಗೆ ಬಂದ ಮೆಮೊದಿಂದ ತಿಳಿಯಿತು.

ಹೊಸ ಅಳತೆಗೆ ಬೊಗಸೆ ತಲುಪದ ಜಾಗ ಬೇಕು. ಕೆರೆಯ ನಡುವೆಯೇ ಏಕಾಗಬಾರದು? ನೀರಿನಲ್ಲೇ ಮುಳುಗಿದ್ದರೆ ತಗಡು ಬಿಸಿಲಿಗೆ ಕಾಯುವ ದೋಷವೂ ತಪ್ಪುತ್ತದೆ. ಬಾಳೆದಿಂಡುಗಳನ್ನು ಚೌಕಟ್ಟಿನಂತೆ ಕಟ್ಟಿಸಿ, ನಡುವೆ ಪಾತ್ರೆಯನ್ನು ಅಂಚು ಮಾತ್ರ ಮೇಲಿರುವಂತೆ ಇಳಿಸಿ, ನಾಲ್ಕು ಕಡೆಗೆ ಕಲ್ಲು ಕಟ್ಟಿ ನಿಲ್ಲಿಸಿದೆ. ಮೊದಲ ದಿನವೇ ಅಲೆ ಹಾರಿ ಪಾತ್ರೆಯೊಳಗೆ ಬಿತ್ತು. ಸುತ್ತ ಬಿದಿರಿನ ತಡಿಕೆ ಹಾಕಿಸಿದೆ. ಮರುದಿನ ನೀರುಕಾಗೆಯೊಂದು ಅಂಚಿನ ಮೇಲೆ ಕೂತು ಸ್ನಾನ ಮಾಡುತ್ತಿತ್ತು. ಅಂಚಿಗೆ ಕಾರೆಮುಳ್ಳು ಕಟ್ಟಿಸಿದೆ. ದಿನವೂ ಬೆಳಿಗ್ಗೆ ಇನ್ನೊಂದು ತೆಪ್ಪದ ಮೇಲೆ ನನ್ನನ್ನು ಕೂರಿಸಿಕೊಂಡು ಆ ಇಬ್ಬರು ಕಾವಲುಗಾರರೇ ಗಳು ಹಾಕಬೇಕು. ದಪ್ಪನವನು ಒಂದು ಕಡೆಗೆ, ಉದ್ದನವನು ಇನ್ನೊಂದು ಕಡೆಗೆ ತಳ್ಳಿದಾಗ ತೆಪ್ಪ ಗಾಣದೆತ್ತಿನಂತೆ ಇದ್ದಲ್ಲೇ ಸುತ್ತಿತು.

"ಒಂದೇ ಕಡೆಗೆ ತಳ್ರಯ್ಯಾ! ನನಗೆ ಈಜು ಬರಲ್ಲ!"

"ಅವನಿಗೆ ಹೇಳಿ ಸ್ವಾಮಿ. ಅವ್ರೂರೋರು ಯಾವತ್ತು ನಮ್ ಕಡೆ ತಳ್ಳಿದ್ರು?"

ಇನ್ನೊಂದು ಭಯ ಆಕಾಶದ್ದು. ಒಂದು ಮಳೆ ಬಿದ್ದರೆ ಪಾತ್ರೆಯೂ ತುಂಬುತ್ತದೆ, ಕೆರೆಗೆ ಹಳ್ಳದ ನೀರೂ ಬರುತ್ತದೆ, ನನ್ನ ಕಳೆಯುವ ಲೆಕ್ಕ ಅಲ್ಲಿಗೆ ಮುಗಿಯಿತು. ನೀರುಗಂಟಿ ಮುಂದಿನ ಬೇಸಿಗೆಯವರೆಗೆ ಕಳ್ಳನಾಗಿಯೇ ಉಳಿಯುತ್ತಾನೆ. ದಿನವೂ ಮಧ್ಯಾಹ್ನ ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಇಡೀ ಕೊಡಗಿನ ಕಾಫಿ ಬೆಳೆಗಾರರು ಗಿಡ ಅರಳಿಸುವ ಹೂಮಳೆಗಾಗಿ ದೇವರಿಗೆ ಕೈಮುಗಿಯುತ್ತಿದ್ದಾಗ, ಅದು ಇನ್ನೂ ಸ್ವಲ್ಪ ತಡವಾಗಲಿ ಎಂದು ಬೇಡಿಕೊಂಡ ರಾಜ್ಯದ್ರೋಹಿ ನಾನೊಬ್ಬನೇ ಇರಬೇಕು.

ದೇವರು ಬೆಳೆಗಾರರಿಗಿಂತ ನನ್ನ ಮಾತನ್ನೇ ಕೇಳಿದ. ನೀರು ಹಾರಿಬಿದ್ದ ದಿನಗಳನ್ನೆಲ್ಲ ಬಿಟ್ಟು, ಉಳಿದವನ್ನು ಕೂಡಿಸಿ ನೋಡಿದೆ. ತೇಲುವ ಪಾತ್ರೆಯಲ್ಲಿ ಇಳಿದದ್ದಕ್ಕೂ ಕೆರೆಯಲ್ಲಿ ಇಳಿದದ್ದಕ್ಕೂ ಇದ್ದ ಅಂತರ ದಿನಕ್ಕೆ ಒಂದು ಅಗಸೆಬೀಜದ ದಪ್ಪದಷ್ಟು. ಮುಚ್ಚಿದ ಕೆಳತೂಬಿನ ಬಾಯಿಂದ ಸದಾ ಒಂದು ಸಣ್ಣ ಧಾರೆ ಜಿನುಗುತ್ತಿತ್ತು. ಅದಕ್ಕೆ ಸೀಮೆಎಣ್ಣೆ ಡಬ್ಬ ಹಿಡಿದು, ತುಂಬಲು ಎಷ್ಟು ಹೊತ್ತು ಬೇಕೆಂದು ನೋಡಿ, ಆ ನೀರನ್ನು ಇಡೀ ಕೆರೆಯ ಮೇಲೆ ಹರಡಿದರೆ ಎಷ್ಟು ದಪ್ಪವಾದೀತು ಎಂದು ಲೆಕ್ಕ ಹಾಕಿದೆ. ಅಗಸೆಬೀಜದ ಬಹುಪಾಲು ಅಲ್ಲೇ ಸಿಕ್ಕಿತು.

ಸಭೆಯಲ್ಲಿ ಇದನ್ನೆಲ್ಲ ಓದಿದೆ. ಪಟೇಲರು ಕೊನೆಯವರೆಗೂ ಕೇಳಿ, "ಇನ್ನೂ ಒಂಚೂರು ಉಳೀತಲ್ಲ ಸ್ವಾಮಿ, ಅದೆಲ್ ಹೋಯ್ತು?" ಎಂದರು.

"ಗೊತ್ತಿಲ್ಲ ಪಟೇಲ್ರೇ. ಏರಿಯ ಮಣ್ಣು ಕುಡಿದಿರಬಹುದು, ಎಮ್ಮೆ ಕುಡಿದಿರಬಹುದು. ಆದ್ರೆ ತೂಬು ಎತ್ತಿದ್ರೆ ಹೋಗೋ ನೀರು ಅಷ್ಟು ಸಣ್ಣದಾಗಿರಲ್ಲ."

"ಗೊತ್ತಿಲ್ಲ ಅನ್ನೋದ್ನೂ ಬರೀರಿ."

ಬರೆದೆ. ಎರಡೂ ಊರಿನವರು ಹೆಬ್ಬೆಟ್ಟೊತ್ತಿದರು. ಪಟೇಲರು ಸಹಿ ಹಾಕಿ, ಲೇಖನಿಯನ್ನು ಹಿಂದಿರುಗಿಸುವಾಗ ನನ್ನ ಕಡೆ ನೋಡದೆ, "ಕೋಲು ನೀವೇ ಕೊಟ್ಬಿಡಿ," ಎಂದರು.

ಕೋಲನ್ನು ಹೆಗಲ ಮೇಲಿಟ್ಟು ಹೋದೆ. ನೀರುಗಂಟಿ ಜಗಲಿಯಲ್ಲಿದ್ದ. ಸೊರಗಿದ್ದ.

"ಎಲ್ರೂ ಒಪ್ಪಿದ್ರಾ?"

"ಒಪ್ಪಿದರು."

"ಬಾಯಲ್ಲೋ, ಕಾಗದದಲ್ಲೋ?"

"ಕಾಗದದಲ್ಲಿ."

"ಹಂಗಾದ್ರೆ ಕಾಗದಾನೇ ತೂಬು ಎತ್ತಲಿ," ಎಂದು ಹಗ್ಗದ ಕಡೆ ತಿರುಗಿದ. ಒಳಗೆ ಬಾಗಿಲ ಸಂದಿಯಲ್ಲಿ ಅವನ ಹೆಂಡತಿ ನಿಂತಿದ್ದಳು.

ಕಾಗದಕ್ಕೆ ತೂಬು ಎತ್ತಲು ಬರುವುದಿಲ್ಲವೆಂಬುದು ಎರಡೇ ದಿನದಲ್ಲಿ ಸಾಬೀತಾಯಿತು. ಅಳತೆಗಾಗಿ ತಡೆಹಿಡಿದಿದ್ದ ಸರದಿ ಬಂತು, ಮೆಣಸಿನ ಗಿಡ ಬಾಡುತ್ತಿದ್ದವು, ಕೋಲು ನನ್ನ ಬಳಿ ಇತ್ತು. ಆದ್ದರಿಂದ ಕೊಡಗು ಸರ್ಕಾರದ ಓವರ್‌ಸಿಯರ್ ಪ್ಯಾಂಟು ಮಡಿಚಿ ತೂಬಿನ ಕಲ್ಲಿನ ಮೇಲೆ ನಿಂತ. ಕೊಕ್ಕೆ ಬಿರಡೆಗೆ ಸಿಕ್ಕುವುದಿಲ್ಲ. ಸಿಕ್ಕರೆ ಬಿರಡೆ ಏಳುವುದಿಲ್ಲ. ಕೊನೆಗೆ ಒಮ್ಮೆಲೇ ಎದ್ದು, ನುಗ್ಗಿದ ನೀರು ಕಾಲುವೆ ಮೀರಿ ಯಾರದೋ ಬದುವನ್ನು ಒಡೆಯಿತು. ಮುಚ್ಚಲು ಹೋದರೆ ಬಿರಡೆ ಓರೆಯಾಗಿ ಕೂತು ಇನ್ನಷ್ಟು ಸೋರತೊಡಗಿತು. ಸೂರ್ಯ ವಾರದಲ್ಲಿ ಕುಡಿಯುವುದನ್ನು ನಾನು ಒಂದು ಹೊತ್ತಿನಲ್ಲಿ ಚೆಲ್ಲಿದ್ದೆ. ಏರಿಯ ಮೇಲೆ ನಿಂತವರು ಕೂಗುತ್ತಿದ್ದರು, ಯಾರೂ ಇಳಿಯುತ್ತಿರಲಿಲ್ಲ.

"ತೂಬು ಎತ್ತೋದಾ ಅದು? ಹಂದಿ ಗೆಣಸು ಬಗೆದಂಗೆ!"

ನೀರುಗಂಟಿ. ಹಗ್ಗ ಇನ್ನೂ ಕೈಯಲ್ಲೇ ಇತ್ತು. ಅದನ್ನು ಏರಿಯ ಮೇಲೆ ಎಸೆದು ನೀರಿಗಿಳಿದ. ಕೋಲನ್ನು ನನ್ನ ಕೈಯಿಂದ ಕಿತ್ತುಕೊಂಡ. ಕೊಟ್ಟೆ ಎಂದು ಬರೆಯಲು ನನಗೆ ಧೈರ್ಯವಿಲ್ಲ. ಬಿರಡೆಯನ್ನು ನೆಟ್ಟಗೆ ಮಾಡಿ, ನೀರನ್ನು ಸರಿಯಾದ ಅಳತೆಗೆ ಇಳಿಸಿ, ಮೇಲೆ ಬಂದ. ಪಟೇಲರು ಏನೋ ಹೇಳಲು ಕೆಮ್ಮಿದರು. ಆತ ಅವರ ಪಕ್ಕದಿಂದ ಹಾದು ಹೋದ. ನಾನಿದ್ದಷ್ಟು ದಿನವೂ ಆತ ಪಟೇಲರೊಡನೆ ಮಾತಾಡಿದ್ದನ್ನು ನಾನು ಕೇಳಲಿಲ್ಲ.

ಸರದಿ ಬಿಟ್ಟ ದಿನ ತೂಬಿನ ಮೊದಲ ನೀರನ್ನು ಒಂದು ಚೊಂಬಿನಲ್ಲಿ ಹಿಡಿದು ಬಸವಣ್ಣನಿಗೆ ಎರೆಯುವುದು ನೀರುಗಂಟಿಯ ಕರ್ತವ್ಯ. ಅವನ ಹೆಂಡತಿ ಚೊಂಬು ತಂದು ಏರಿಯ ಮೇಲಿಟ್ಟು ಹೋಗಿದ್ದಳು. ಆ ಹೊತ್ತಿಗೆ ನನ್ನ ಪಾತ್ರೆ ಮತ್ತೆ ಗುಡಿಯ ಬಯಲಿಗೆ ಬಂದಿತ್ತು. ಕೆರೆಯಲ್ಲಿ ತೇಲಿದ್ದಾಗಿನ ಅಂಕೆಗೂ ನೆಲದ ಮೇಲಿನ ಅಂಕೆಗೂ ಏನು ಸಂಬಂಧವೆಂದು ಮಳೆ ಬರುವವರೆಗೆ ನೋಡಬೇಕೆಂದು ಮೆಮೊದಲ್ಲಿ ಅಪ್ಪಣೆಯಾಗಿತ್ತು. ಹೆಂಗಸರಿಗೆ ನೀರು ಹಾಕಬೇಡಿ ಎಂದು ಕೈಮುಗಿದು ಹೇಳಿದ್ದೆ. ಅವರು ಮಾತು ಉಳಿಸಿಕೊಂಡಿದ್ದರು: ಹಾಕಬಾರದು, ದಾಟಲೂಬಾರದು ಎಂದು ಎಲ್ಲರೂ ಕೊಡ ಹೊತ್ತು ಗುಡಿಯ ಹಿಂದಿನಿಂದ ಸುತ್ತಿ ಹೋಗುತ್ತಿದ್ದರು.

ನೀರುಗಂಟಿ ಸುತ್ತಿ ಹೋಗಲಿಲ್ಲ. ಹೆಗಲ ಮೇಲೆ ಕೋಲು, ಕೈಯಲ್ಲಿ ತುಂಬಿದ ಚೊಂಬು, ಮೈಯಿಂದ ಇಳಿಯುವ ನೀರು. ನೇರ ಪಾತ್ರೆಯ ಎದುರಿಗೆ ಬಂದು ನಿಂತ. ಅದನ್ನು ಅವನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ನಮ್ಮನೇವ್ಳು ಹೇಳಿದ್ಲು," ಎಂದ.

ತೂಬಿನಿಂದ ಮೊದಲೇ ಬಂದು, ಉಳಿದಿದ್ದ ಆ ದಿನದ ಅಳತೆಗೆ ನಾನು ಪಾತ್ರೆಯ ಪಕ್ಕ ಕೂತಿದ್ದೆ, ಕೈ ಸೂಜಿಯ ತಿರುಪಿನ ಮೇಲಿತ್ತು.

ಅವನು ಚೊಂಬನ್ನು ಬಾಗಿಸಿ, ಅರ್ಧದಷ್ಟು ನೀರನ್ನು ನಿಧಾನವಾಗಿ, ತುಳುಕದಂತೆ, ಪಾತ್ರೆಗೆ ಸುರಿದ. "ಕೊರೆ ಪಾತ್ರೆ ದಾಟಬಾರ್ದು ಸ್ವಾಮಿ. ಆಮೇಲೆ ಅಳ್ಕೊಳ್ಳಿ." ಉಳಿದರ್ಧವನ್ನು ಹಿಡಿದು ಗುಡಿಯೊಳಗೆ ಹೋದ.

ನೀರಿನ ಮೇಲಿನ ಅಲುಗಾಟ ನಿಲ್ಲುವವರೆಗೆ ಕಾದೆ. ಆ ದಿನದ ಅಂಕೆಯ ಜಾಗದಲ್ಲಿ ಒಂದು ಗೀಟು ಎಳೆದು, ಸೂಜಿಯನ್ನು ಒರೆಸಿ ಬಟ್ಟೆಯಲ್ಲಿ ಸುತ್ತಿಟ್ಟೆ.